ಸಾವಿಲ್ಲದ ಕೊನೆಯ ಅಂಕ

ಈ ಪರದೆಗೆ ನಾನು ಕೊಟ್ಟಿದ್ದು ನಾಲ್ಕೂವರೆ ಸಾವಿರ ಶಿಲ್ಲಿಂಗ್. ಅವರು ಹೇಳಿದ್ದು ಎಂಟು ಸಾವಿರ. ನೈರೋಬಿಯ ನಮ್ಮ ಕನ್ನಡ ಕೂಟದವರು ಸ್ಟೋರ್ ರೂಮ್ ಖಾಲಿ ಮಾಡುತ್ತಿದ್ದರು. ಮುರಿದ ಕುರ್ಚಿ, ರಟ್ಟಿನ ಕಿರೀಟ, ತುಕ್ಕು ಹಿಡಿದ ಟ್ರಂಕುಗಳ ನಡುವೆ ಈ ಕೆಂಪು ವೆಲ್ವೆಟ್ ಪರದೆ ಮಡಚಿ ಬಿದ್ದಿತ್ತು. ಊರ ನಡುವಿನ ಪೇಟೆ ಸಿಬಿಡಿಯಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟುಕೊಂಡು ಇಷ್ಟು ವರ್ಷವಾದ ಮೇಲೆ ನನಗೆ ಬಟ್ಟೆ ಮುಟ್ಟಿದರೆ ಸಾಕು, ಬೆಲೆ ಗೊತ್ತಾಗುತ್ತದೆ. ಇದಕ್ಕೆ ಐನೂರೇ ಹೆಚ್ಚು. ಅಂಚೆಲ್ಲ ಹುಳ ತಿಂದಿದೆ, ಮಡಿಕೆಯುದ್ದಕ್ಕೂ ಬಣ್ಣ ಹೋಗಿದೆ. ಆದರೂ ಕೊಟ್ಟೆ. ಬಿಡಿಸಿದಾಗ ನುಸಿಗುಳಿಗೆಯ ಘಾಟಿನ ಅಡಿಯಿಂದ ಇನ್ನೊಂದು ವಾಸನೆ ಎದ್ದು ಬಂತು: ಕಾಫಿ ಡಿಕಾಕ್ಷನ್ನು, ಸೀಮೆಎಣ್ಣೆ, ಮುಖಕ್ಕೆ ಬಳಿಯುವ ಬಣ್ಣ, ಒದ್ದೆ ಸಿಮೆಂಟು. ನಮ್ಮ ಹಳೇ ಮನೆಯ ವಾಸನೆ. ಮೂಗು ಬಟ್ಟೆಯ ಹತ್ತಿರ ಹೋಯಿತೆಂದರೆ ಚೌಕಾಸಿ ಅಲ್ಲಿಗೆ ಮುಗಿದ ಹಾಗೆ, ಮಾರುವವನಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ನಾಲ್ಕೂವರೆಗೆ ಇಳಿಸಿದ್ದೇ ದೊಡ್ಡದು ಅಂದುಕೊಳ್ಳಿ.

ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಜಕರಂದಾ ಮರದ ಪಕ್ಕ, ಕಲ್ಲಿನ ಗೋಡೆಯ, ಕೆಂಪು ನೆಲದ ಎರಡಂತಸ್ತಿನ ಮನೆ ಅದು. ಕೆಳಗೆ ಮೈಸೂರಿನ ನಾವು: ಅಪ್ಪ, ಅಮ್ಮ, ನಾನು, ಮತ್ತೆ ಅಪ್ಪನ ತಂಗಿ ಶಾಲಿನಿ, ನನಗೆ ಶಾಲತ್ತೆ. ಮೇಲೆ ಉಡುಪಿ ಕಡೆಯ ರಾಯರು, ಅವರ ಹೆಂಡತಿ ಸುಶೀಲಕ್ಕ, ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಮಗ ಹರೀಶ. ಭಾನುವಾರ ಬೆಳಿಗ್ಗೆ ಮೇಲಿನಿಂದ ನೀರುದೋಸೆ ಇಳಿಯುತ್ತಿತ್ತು, ಮಧ್ಯಾಹ್ನ ಕೆಳಗಿನಿಂದ ಬಿಸಿಬೇಳೆಬಾತು ಹತ್ತುತ್ತಿತ್ತು. ಮೆಟ್ಟಿಲಿನ ತಿರುವಿನಲ್ಲಿ ಸಂಜೆಯ ಬಿಸಿಲು ಬಂದು ಕೂತರೆ ಕಂಬಕ್ಕೆ ಒರಗಿದ ಬೆಕ್ಕೂ ಏಳುತ್ತಿರಲಿಲ್ಲ, ಹರಟೆ ಹೊಡೆಯುವ ಹೆಂಗಸರೂ ಏಳುತ್ತಿರಲಿಲ್ಲ. ಕೂಟದ ನಾಟಕಗಳಿಗೆಂದು ಈ ವೆಲ್ವೆಟ್ಟನ್ನು ಹೊಲಿದದ್ದೂ ಅಲ್ಲಿಯೇ. ಒಂದು ತುದಿ ಅಮ್ಮನ ತೊಡೆಯ ಮೇಲೆ, ಇನ್ನೊಂದು ತುದಿ ಸುಶೀಲಕ್ಕನ ತೊಡೆಯ ಮೇಲೆ, ನಡುವೆ ಕೆಂಪು ಹೊಳೆಯ ಹಾಗೆ ಬಟ್ಟೆ ಮೆಟ್ಟಿಲಿಳಿಯುತ್ತಿತ್ತು. ನೋಡಿ, ಅಷ್ಟು ಚೆನ್ನಾಗಿದ್ದ ಮನೆಯನ್ನು ಹಾಳು ಮಾಡಲು ಒಂದು ನೀರಿನ ಟ್ಯಾಂಕು ಸಾಕಾಯಿತು.

ನೈರೋಬಿಯಲ್ಲಿ ಆಗಲೂ ನೀರು ದಿನಾ ಬರುತ್ತಿರಲಿಲ್ಲ. ಬಂದ ದಿನ ಪಂಪು ಹಾಕಿ ಮಹಡಿಯ ಟ್ಯಾಂಕಿಗೆ ಏರಿಸಬೇಕು, ಅಲ್ಲಿಂದ ಎರಡೂ ಮನೆಗೆ ಇಳಿಯಬೇಕು. ಪಂಪಿನ ಸ್ವಿಚ್ಚು ನಮ್ಮ ಅಡುಗೆಮನೆಯ ಹಿಂದೆ, ಟ್ಯಾಂಕಿನ ವಾಲ್ವು ರಾಯರ ಟೆರೇಸಿನಲ್ಲಿ. ಒಂದು ದಿನ ಅಪ್ಪನ ತಲೆಯ ಮೇಲೆ ಸೋಪಿನ ನೊರೆ ಇರುವಾಗಲೇ ನೀರು ನಿಂತಿತು. ಮೇಲಿನವರು ವಾಲ್ವು ತಿರುಗಿಸಿದ್ದಾರೆ ಅಂತ ಅಪ್ಪ. ಕೆಳಗಿನವರು ಪಂಪು ಹಾಕಲೇ ಇಲ್ಲ ಅಂತ ರಾಯರು. ಹತ್ತಿ ನೋಡಿದ್ದರೆ ಟ್ಯಾಂಕೇ ಹೇಳುತ್ತಿತ್ತು. ಇಬ್ಬರೂ ನೋಡಲಿಲ್ಲ. ಅಂದಿನಿಂದ ಮಾತು ಬಂದ್. ದೋಸೆ ಇಳಿಯುವುದು ನಿಂತಿತು. ರಾಯರು ನಮಗೆ ಕೇಳಿಸಲೆಂದೇ ಗಟ್ಟಿಯಾಗಿ ತುಳುವಿನಲ್ಲಿ ಬೈಯುತ್ತಿದ್ದರು, ಅರ್ಥವಾಗುವುದಿಲ್ಲವಲ್ಲ ಎಂದು ಅಪ್ಪನಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಇವರನ್ನು ಒಂದು ಮಾಡಲು ಹೊರಟವರು ಮೂರ್ತಿ ಮೇಷ್ಟ್ರು. ಶಾಲೆಯಲ್ಲಿ ಗಣಿತ, ಕೂಟದಲ್ಲಿ ನಾಟಕ. ಹಗೆ ಸಾಧಿಸುವ ಎರಡು ಮನೆತನ, ಆ ಮನೆಯ ಹುಡುಗ, ಈ ಮನೆಯ ಹುಡುಗಿ, ಕೊನೆಗೆ ಇಬ್ಬರ ಸಾವು, ಆ ಹೆಣಗಳ ಎದುರು ದೊಡ್ಡವರು ಕೈ ಹಿಡಿದುಕೊಳ್ಳುವುದು. ಈ ಹಳೇ ದುರಂತ ನಾಟಕವನ್ನು ಅವರು ಯುಗಾದಿ ಕಾರ್ಯಕ್ರಮಕ್ಕೆಂದು ಕನ್ನಡಕ್ಕೆ ಇಳಿಸಿದ್ದರು. ಒಂದು ಮನೆತನಕ್ಕೆ ಅಪ್ಪ ಯಜಮಾನ, ಇನ್ನೊಂದಕ್ಕೆ ರಾಯರು. ಇವರಿಗೆ ನಟನೆ ಕಲಿಸುವ ಕೆಲಸವೇ ಇಲ್ಲ ಅಂತ ಮೇಷ್ಟ್ರು ಕಂಡವರಿಗೆಲ್ಲ ಹೇಳಿಕೊಂಡು ನಕ್ಕರು. ಹುಡುಗ ಹರೀಶ, ಹುಡುಗಿ ಶಾಲತ್ತೆ. ನಮ್ಮ ನಡುಮನೆಗೆ ಅಡ್ಡಲಾಗಿ ಈ ಪರದೆ ಕಟ್ಟಿ ಪ್ರಾಕ್ಟೀಸು ಶುರುವಾಯಿತು.

ಆಮೇಲೆ ಆದದ್ದನ್ನು ಬಿಡಿಸಿ ಹೇಳಬೇಕಿಲ್ಲ. ಮಾತು ಬಾಯಿಪಾಠ ಮಾಡುತ್ತೇವೆ ಅಂತ ಇಬ್ಬರೂ ಮೆಟ್ಟಿಲ ತಿರುವಿನಲ್ಲಿ ಕೂರುತ್ತಿದ್ದರು. ಪಾಠ ಮುಗಿದರೂ ಏಳುತ್ತಿರಲಿಲ್ಲ. ಶಾಲತ್ತೆಯ ಜಡೆಯಲ್ಲಿ ಹೂ ಬಂತು, ಹರೀಶನ ಶರ್ಟಿಗೆ ಇಸ್ತ್ರಿ ಬಂತು. ಅಮ್ಮನಿಗೆ ಗೊತ್ತಿತ್ತು, ಸುಶೀಲಕ್ಕನಿಗೂ ಗೊತ್ತಿತ್ತು; ಇಬ್ಬರೂ ಬಟ್ಟೆ ಒಣಹಾಕುವ ನೆಪದಲ್ಲಿ ಮಾತಾಡಿ ಮುಗಿಸಿಕೊಂಡಿದ್ದರು. ಶಾಲತ್ತೆಯ ವೀಸಾ ಮುಗಿಯುತ್ತಾ ಬಂದಿತ್ತು, ಮೈಸೂರಿನಲ್ಲಿ ಗಂಡು ನೋಡುತ್ತಿದ್ದರು. ಹಾಗಾಗಿ ಯುಗಾದಿಯ ಮಾರನೇ ದಿನವೇ ಮೇಲಿನವರು ಹೂವು ಹಣ್ಣು ಹಿಡಿದು ಕೆಳಗೆ ಬಂದು ಹೆಣ್ಣು ಕೇಳುವುದು, ಅಷ್ಟರಲ್ಲಿ ನಾಟಕ ಗಂಡಸರನ್ನು ಸ್ವಲ್ಪ ಮೆತ್ತಗೆ ಮಾಡಿರುತ್ತದೆ ಅಂತ ಅವರ ಲೆಕ್ಕ. ಒಳ್ಳೇ ಲೆಕ್ಕವೇ. ನಾನಾಗಿದ್ದರೂ ಹಾಗೇ ಹಾಕುತ್ತಿದ್ದೆ.

ಕೆಡಿಸಿದ್ದು ಕೂಟದ ಹಿರಿಯರು. ಹೊಸ ವರ್ಷದ ದಿನ, ದೀಪ ಹಚ್ಚಿದ ವೇದಿಕೆಯ ಮೇಲೆ, ದೇವರ ಫೋಟೋ ಎದುರಿಗೇ ಎರಡು ಹೆಣ ಬೀಳಿಸುವುದೇ? ಬೇವು ಬೆಲ್ಲ ತಿಂದ ಬಾಯಿ ಆರುವ ಮೊದಲೇ ವಿಷ ಕುಡಿಸುವುದೇ? ಕೂಡದು. ಮಂಗಳ ಹಾಡಿ ಮುಗಿಸುವಂಥದ್ದು ಇರಲಿ ಎಂದರು. ಮೇಷ್ಟ್ರು ಬೇಡಿಕೊಂಡರು, ರೇಗಿದರು, ಕೊನೆಗೆ ಹಲ್ಲು ಕಚ್ಚಿ ಬರೆದುಕೊಟ್ಟರು. ಮದ್ದು ಕುಡಿದು ಸತ್ತಂತೆ ಮಲಗಿದ್ದ ಹುಡುಗಿ ಸರಿಯಾದ ಹೊತ್ತಿಗೆ ನಿದ್ದೆಯಿಂದ ಏಳುತ್ತಾಳೆ, ಹುಡುಗ ವಿಷದ ಬಾಟಲಿ ಬಿಸಾಡುತ್ತಾನೆ, ಎರಡು ಮನೆತನಗಳು ಬೀಗರಾಗುತ್ತವೆ. ಅಲ್ಲಿ ಬಂತು ನೋಡಿ ತಾಪತ್ರಯ. ಬೀಗರಾಗಬೇಕಾದರೆ ಯಾರು ಮೊದಲು ಕೈ ಮುಗಿಯಬೇಕು?

ಹೆಣ್ಣಿನ ಕಡೆಯವರು ಎದ್ದು ಬಂದು ಬರಮಾಡಿಕೊಳ್ಳುವುದು ಪದ್ಧತಿ ಅಂದರು ರಾಯರು. ತಪ್ಪು ಗಂಡಿನ ಕಡೆಯದ್ದು, ಅವರೇ ಮುಂದೆ ಬರಲಿ ಅಂದರು ಅಪ್ಪ. ಇಬ್ಬರೂ ಒಟ್ಟಿಗೆ ಬನ್ನಿ ಎಂದರು ಮೇಷ್ಟ್ರು. ಆಗ ಬಲಗಡೆ ಯಾರು ನಿಲ್ಲುವುದು ಅಂತ ಶುರುವಾಯಿತು. ಅಂಗಡಿಯಲ್ಲಿ ಎಂಥೆಂಥವರ ಜೊತೆ ಚೌಕಾಸಿ ಮಾಡಿದ್ದೇನೆ, ಇಂಥ ಗಿರಾಕಿಗಳನ್ನು ಇವತ್ತಿನವರೆಗೂ ಕಂಡಿಲ್ಲ. ಕೊನೆಯ ಪ್ರಾಕ್ಟೀಸಿನ ದಿನ ನಮ್ಮ ನಡುಮನೆಯಲ್ಲಿ ರಾಯರು ಶಲ್ಯ ಕೊಡವಿ, "ಎಂಥ ಮಾರಾಯ್ರೆ, ನಾಟಕದಲ್ಲಿ ಸಹ ನಾನು ಇವರ ಬಾಗಿಲಿಗೆ ಬರಬೇಕಾ?" ಎಂದರು. ಅಪ್ಪ, "ಬಾಗಿಲಿಗೆ ಬರೋದಿರಲಿ, ಮೊದಲು ವಾಲ್ವು ತೆಗೀರಿ" ಎಂದುಬಿಟ್ಟರು.

ಗಲಾಟೆ ಎಷ್ಟೋ ಹೊತ್ತು ನಡೆಯಿತು. ಅದು ಇನ್ನೇನು ಇಳಿಯಬೇಕು ಅನ್ನುವಾಗ ಶಾಲತ್ತೆ ಪರದೆಯ ಹಿಂದಿನಿಂದ ಬಂದಳು. ಒಂದು ಕೆನ್ನೆಗೆ ಮಾತ್ರ ಬಣ್ಣ ಹಚ್ಚಿತ್ತು. ದನಿ ಏರಿಸಲಿಲ್ಲ.

"ಅಣ್ಣ, ಮೊದಲು ಬರೆದಿದ್ದ ಹಾಗೆ ನಾವಿಬ್ಬರೂ ಸತ್ತಿದ್ದರೆ ನೀವಿಬ್ಬರೂ ಕೈ ಹಿಡ್ಕೋತಿದ್ರಿ. ಬದುಕಿಸಿದ್ರಿ. ಸರಿ. ಬದುಕಿರೋರ ಮುಂದೆ ಹಿಡ್ಕೊಳ್ಳೋಕೆ ಆಗಲ್ವಾ?"

ಅಪ್ಪ ಕಿಟಕಿಯ ಕಡೆ ನೋಡಿದರು. ರಾಯರು ಮಗನನ್ನು ಕರೆದುಕೊಂಡು ಮೆಟ್ಟಿಲು ಹತ್ತಿದರು. ಹರೀಶ ತಿರುವಿನಲ್ಲಿ ಒಮ್ಮೆ ನಿಂತ, ಮತ್ತೆ ಹತ್ತಿದ. ನನಗೆ ಈಗಲೂ ಮೈ ಉರಿಯುವುದು ಆ ನಿಂತದ್ದಕ್ಕೆ. ಇಳಿದು ಬರುವುದಾದರೆ ಬರಬೇಕು ಕಣಪ್ಪ, ನಿಂತು ಏನು ಪ್ರಯೋಜನ?

ಯುಗಾದಿಗೆ ನಾಟಕದ ಬದಲು ಮಕ್ಕಳ ಕೋಲಾಟ ಆಯಿತು, ಪುಳಿಯೋಗರೆ ಚೆನ್ನಾಗಿತ್ತು ಅಂತ ಎಲ್ಲರೂ ಹೊಗಳಿದರು. ಮಾರನೇ ದಿನ ಸುಶೀಲಕ್ಕ ತಟ್ಟೆಯಲ್ಲಿ ಹೂವು ಹಣ್ಣು ಜೋಡಿಸಿಟ್ಟಿದ್ದರಂತೆ. ಅವರು ಮೇಲೆ ಬಂದು ಕರೆಯಲಿ ಅಂತ ರಾಯರು, ಅವರು ಕೆಳಗೆ ಬಂದು ಕೇಳಲಿ ಅಂತ ಅಪ್ಪ. ಅಮ್ಮ ಕಾಫಿಗೆ ಡಿಕಾಕ್ಷನ್ ಹಾಕಿ ಬಾಗಿಲು ತೆರೆದಿಟ್ಟುಕೊಂಡು ಕಾದಳು. ವಾರ ಕಳೆಯಿತು, ತಿಂಗಳು ಕಳೆಯಿತು, ವೀಸಾ ಮುಗಿಯಿತು. ಶಾಲತ್ತೆ ಹೋಗುವಾಗ ನನಗೆ ತನ್ನ ಬಳೆ ಬಿಚ್ಚಿ ಕೊಟ್ಟಳು, ಮೇಲೆ ನೋಡದೆ ಕಾರು ಹತ್ತಿದಳು. ಯಾರೂ ವಿಷ ಕುಡಿಯಲಿಲ್ಲ. ಅವಳಿಗೆ ಮೈಸೂರಿನಲ್ಲಿ ಮದುವೆಯಾಯಿತು, ಈಗ ಮಂಡಿನೋವು, ದಿನಾ ಬೆಳಿಗ್ಗೆ ಫೋನಿಗೆ ದೇವರ ಚಿತ್ರ ಕಳಿಸುತ್ತಾಳೆ. ಹರೀಶ ಮೊಂಬಾಸಾಕ್ಕೆ ವರ್ಗ ಮಾಡಿಸಿಕೊಂಡು ಅಲ್ಲಿಯೇ ಸಂಸಾರ ಹೂಡಿದ. ಇಬ್ಬರೂ ಚೆನ್ನಾಗಿದ್ದಾರೆ. ಒಬ್ಬರು ಇನ್ನೊಬ್ಬರ ಹೆಸರು ಎತ್ತುವುದಿಲ್ಲ, ಅಷ್ಟೇ.

ಕೆಲವು ವರ್ಷಗಳ ನಂತರ ರಾಯರು ತೀರಿಕೊಂಡ ಬೆಳಿಗ್ಗೆ ಅಪ್ಪ ಆ ಮೆಟ್ಟಿಲು ಹತ್ತಿದರು. ನಾನು ಹಿಂದೆಯೇ ಇದ್ದೆ. ಚಾಪೆಯ ಮೇಲೆ ಮಲಗಿಸಿದ್ದ ರಾಯರ ಎದುರು ಅಪ್ಪ ಕೈ ಮುಗಿದು, ಕೈ ಇಳಿಸಲು ಮರೆತವರ ಹಾಗೆ ನಿಂತೇ ಇದ್ದರು. ಸುಶೀಲಕ್ಕ ಮೂಲೆಯಿಂದ, "ಶಾಲಿನಿ ಹೇಗಿದ್ದಾಳೆ?" ಎಂದು ಕೇಳಿದರು. ಚೆನ್ನಾಗಿದ್ದಾಳೆ ಅಂತ ನಾನೇ ಹೇಳಿದೆ. ಈಗ ಅಪ್ಪನೂ ಇಲ್ಲ, ಸುಶೀಲಕ್ಕನೂ ಇಲ್ಲ. ಮನೆ ಕೆಡವಿ ಲಿಫ್ಟಿರುವ ಫ್ಲ್ಯಾಟು ಕಟ್ಟಿದ್ದಾರೆ. ಮೆಟ್ಟಿಲಿನ ತಿರುವಿದ್ದ ಎತ್ತರದಲ್ಲಿ ಯಾರದೋ ಬಾಲ್ಕನಿ, ಅದರಲ್ಲಿ ಯಾರದೋ ಬಟ್ಟೆ ಒಣಗುತ್ತಿರುತ್ತದೆ.

ನಿಮ್ಮ ಮನೆಯಲ್ಲೂ ಹೀಗೊಂದು ಮಾತು ನಿಂತಿದ್ದರೆ ಕೇಳಿ. ಮೊದಲು ಬೆಲೆ ಬಾಯಿಬಿಟ್ಟವರು ಸೋಲುತ್ತಾರೆ ಅಂತ ಅಂಗಡಿಯ ಹುಡುಗರಿಗೆ ಕಲಿಸುವವಳು ನಾನೇ. ಮನೆಯ ವಿಷಯಕ್ಕೆ ಅದನ್ನು ತರಬೇಡಿ. ಅವರು ಬರಲಿ ಅಂತ ಕಾಯಬೇಡಿ, ಮೂರನೆಯವರ ಕೈಲಿ ಹೇಳಿಕಳಿಸಬೇಡಿ, ಫೋನಿನಲ್ಲಿ ಮೆಸೇಜ್ ಹಾಕಬೇಡಿ. ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅರ್ಧ ದಾರಿಯಲ್ಲಿ ಮನಸ್ಸು ಬದಲಾಗುತ್ತದೆ, ಆದ್ದರಿಂದ ಭಾನುವಾರ ಬೆಳಿಗ್ಗೆ ಹೊರಡಿ. ಬರೀ ಕೈಲಿ ಹೋಗಬೇಡಿ, ಬಾಳೆಹಣ್ಣು ಸಾಕು. ಹಳೇ ವಿಷಯ ಅವರು ಎತ್ತಿದರೆ ಹೌದು ಅನ್ನಿ, ಎತ್ತದಿದ್ದರೆ ಸುಮ್ಮನಿರಿ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತುಬಿಡಿ. ಕಾಫಿ ಬರುವ ತನಕ ಏಳಬೇಡಿ.