ನಿಮ್ಮ ದನಿಯಲ್ಲಿ ಬೇಡವೆಂದ ಮನೆ

ಗುರುಪಾದಪ್ಪ ಸರ್, ಆ ಶನಿವಾರ ಸಂಜೆ ಚನ್ನಪ್ಪಜ್ಜನ ಕಟ್ಟೆಯ ಮುಂದೆ ನಿಂತು “ನಮಗ ಮನಿ ಬ್ಯಾಡ್ರಿ” ಎಂದವರು ನೀವಲ್ಲ. ನಾನು. ನಿಮ್ಮ ದನಿಯಲ್ಲಿ.

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಏಕೆಂದರೆ ಇದನ್ನು ನೀವೊಬ್ಬರೇ ಓದಿದರೆ ಸಾಲದು. ನಿಮ್ಮನ್ನು ಮಾತಿಗೆ ತಪ್ಪಿದವರು ಎಂದುಕೊಂಡ ಇಳಕಲ್ಲಿನ ಓಣಿಯೂ ಓದಬೇಕು.

ಎಪ್ಪತ್ತೆಂಟರ ಜೂನ್. ನಾವಿಬ್ಬರೂ ಒಂದೇ ವಾರದಲ್ಲಿ ಇಳಕಲ್ಲಿನ ಒಂದು ಹೈಸ್ಕೂಲಿಗೆ ಮಾಸ್ತರರಾಗಿ ಬಂದೆವು—ನೀವು ಚೊಳಚಗುಡ್ಡದಿಂದ, ನಾನು ಬಾಗಲಕೋಟೆಯಿಂದ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಮತ್ತು ಎಲ್ಲರನ್ನೂ ಅಣಕಿಸುವ ಒಂದು ಬಾಯಿ, ಇಷ್ಟೇ ನನ್ನ ಆಸ್ತಿ. ಬಾಡಿಗೆ ಮನೆ ಸಿಗದ ಊರೂ ಇರುತ್ತದೆಂದು ಯಾರೂ ಹೇಳಿರಲಿಲ್ಲ. ಅಲ್ಲಿ ಖಾಲಿ ಕೋಣೆ ಎಂದರೆ ಮಗ್ಗದ ಕೋಣೆ. ಮನುಷ್ಯ ಎಲ್ಲಾದರೂ ಮಲಗುತ್ತಾನೆ; ಮಗ್ಗಕ್ಕೆ ನೆಲದಲ್ಲಿ ಕುಣಿ ತೋಡಬೇಕು, ಮೇಲೆ ಸೂರು ಬೇಕು. ಹೋದಲ್ಲೆಲ್ಲ ಒಂದೇ ಪ್ರಶ್ನೆ.

“ಮಗ್ಗಾ ಹಾಕ್ತೀರೇನ್ರಿ?”

“ಇಲ್ರಿ, ಸಾಲಿ ಮಾಸ್ತರ.”

“ಲಗ್ನಾ ಆಗೇತೇನ್ರಿ?”

“ಇನ್ನಾ ಇಲ್ರಿ.”

“ಹಂಗಾದ್ರ ಮನಿ ಇಲ್ರಿ.”

ಸ್ಟಾಫ್ ರೂಮಿನಲ್ಲಿ ಈ ಸಂಭಾಷಣೆಯನ್ನು ಇಪ್ಪತ್ತು ಬೇರೆ ಬೇರೆ ದನಿಗಳಲ್ಲಿ ಮಾಡಿ ತೋರಿಸುತ್ತಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗಿಸಿ ಮುಗಿದ ಮೇಲೆ ನನಗೆ ಹೋಗಲು ಜಾಗವಿರುತ್ತಿರಲಿಲ್ಲ.

ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜು ನಾಲ್ಕು ದಿನಕ್ಕೇ ಕಿಸೆ ಖಾಲಿ ಮಾಡಿತು. ಮೊದಲ ಸಂಬಳ ಯಾವಾಗ ಬರುವುದೋ ಹೆಡ್ ಮಾಸ್ತರರಿಗೂ ತಿಳಿಯದು. ಅವರೇ ಕನಿಕರಪಟ್ಟು ಒಂಬತ್ತನೆಯ ತರಗತಿಯ ಕೋಣೆಯನ್ನು ನಮ್ಮಿಬ್ಬರಿಗೂ ಬಿಟ್ಟುಕೊಟ್ಟರು. ಬೆಂಚು ಜೋಡಿಸಿ ಮಲಗುವುದು, ಹುಡುಗರು ಬರುವ ಮೊದಲು ನಳದ ಕೆಳಗೆ ಕೂತು ಸ್ನಾನ ಮುಗಿಸುವುದು. ಒಂದು ದಿನ ಒಣಗಹಾಕಿದ ಬನಿಯನ್ ತೆಗೆಯಲು ಮರೆತೆ. “ಸರ, ನಿಮ್ಮ ಬನಿಯನ್ ರಾಯಚೂರ ಮ್ಯಾಲ ಐತ್ರಿ” ಎಂದ ಒಬ್ಬ ಹುಡುಗ. ಗೋಡೆಯ ನಕ್ಷೆಯ ಮೇಲೆ ನಿಜಕ್ಕೂ ರಾಯಚೂರು ಜಿಲ್ಲೆ ಪೂರ್ತಿ ಮುಚ್ಚಿಹೋಗಿತ್ತು. ನಾನೂ ನಕ್ಕೆ. ಇಪ್ಪತ್ತಾರು ದಿನ ಹೀಗೆ. ಆಮೇಲೆ ಜ್ವರ ಬಂತು. ಒದ್ದೆ ಬಟ್ಟೆ ಹಣೆಗೆ ಹಾಕಿದವರು ನೀವು. ಗಂಜಿ ತಂದವರೂ ನೀವೇ.

ಜ್ವರ ಬಿಡುವಷ್ಟರಲ್ಲಿ ಹೆಡ್ ಮಾಸ್ತರರು ಹೇಳಿದರು—ಇನ್‌ಸ್ಪೆಕ್ಟರು ಬರುತ್ತಾರೆ, ಸೋಮವಾರದೊಳಗೆ ಕೋಣೆ ಖಾಲಿಯಾಗಬೇಕು. ನಿಮಗೆ ಚಿಂತೆ ಇರಲಿಲ್ಲ. ನಿಮಗೆ ಚನ್ನಪ್ಪಜ್ಜನ ಮನೆ ಸಿಕ್ಕಿತ್ತು.

ಅಜ್ಜ ಐವತ್ತು ವರ್ಷ ಸೀರೆಯ ಸೆರಗು ನೇಯ್ದು ಕಣ್ಣು ಕಳೆದುಕೊಂಡವರು. ಕಟ್ಟೆಯ ಮೇಲೆ ಕೂತು ಕಿವಿಯಿಂದಲೇ ಓಣಿಯನ್ನು ಕಾಯುತ್ತಿದ್ದರು. ಯಾರ ಮಗ್ಗದಲ್ಲಿ ಎಳೆ ಹರಿಯಿತೆಂದು ಆ ಮನೆಯವರಿಗಿಂತ ಮೊದಲು ಹೇಳುತ್ತಿದ್ದರು. ಪಕ್ಕದ ಎರಡು ಅಂಕಣದ ಮನೆಗೆ ಅವರು ಕೇಳಿದ ಬಾಡಿಗೆ ನಮ್ಮಂಥವರೂ ಕೊಡುವಂಥದ್ದು. ನೀವು ಸಂಸಾರಸ್ಥರು, ಹೆಂಡತಿ ಬಸುರಿ ಎಂದು ತಿಳಿದು ನಿಮ್ಮ ಕೈಗೆ ಎಲೆ-ಅಡಿಕೆ ಇಟ್ಟು ಮಾತು ಕೊಟ್ಟಿದ್ದರು. ಆಮೇಲೆ ಮಗ್ಗ ಹಾಕುವವರು ಹೆಚ್ಚಿನ ಬಾಡಿಗೆಗೆ ಬಂದರೂ ಅಜ್ಜ ಜಗ್ಗಲಿಲ್ಲ. ನೀವು ಶನಿವಾರ ಮಧ್ಯಾಹ್ನ ಹೆಂಡತಿಯನ್ನು ಕರೆತರಲು ಆಕೆಯ ತವರು ಗುಳೇದಗುಡ್ಡಕ್ಕೆ ಹೊರಟಿರಿ. ಸೋಮವಾರ ಬೆಳಗ್ಗೆ ಬಂದು ಹಾಲು ಉಕ್ಕಿಸುವುದೆಂದು ಠರಾವಾಗಿತ್ತು.

ನೀವು ಹೊರಡುವ ಎರಡು ದಿನ ಮೊದಲು, ನಿಮಗೆ ತಿಳಿಯದಂತೆ, ನಾನು ಅಜ್ಜನ ಬಳಿ ಹೋಗಿದ್ದೆ. ಹೌದು, ಅದೂ ಉಂಟು. ಕೈ ಮುಗಿದು ಕೇಳಿಕೊಂಡೆ. ಅಜ್ಜ ಸಿಟ್ಟಾಗಲಿಲ್ಲ.

“ಎಲಿ-ಅಡಿಕಿ ಕೊಟ್ಟೇನಿ ತಮ್ಮಾ. ನನ್ನ ಮಗಾ ಬಂದ ಕೇಳಿದ್ರೂ ಈಗ ಕೊಡಾಕ ಬರಂಗಿಲ್ಲ. ಆ ಮಾಸ್ತರ ತನ್ನ ಬಾಯಿಲೇ ಬ್ಯಾಡ ಅಂದ್ರ ಮಾತ ಬ್ಯಾರೆ.”

ತನ್ನ ಬಾಯಿಂದಲೇ. ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಆದರೂ ಏನೂ ಯೋಚಿಸಿ ಹೋದದ್ದಲ್ಲ ಎಂದು ಬರೆಯಬೇಕೆನಿಸುತ್ತದೆ—ಬರೆಯಲಾರೆ. ಶನಿವಾರ ಸಂಜೆ ಆ ಓಣಿಗೆ ಹೋಗಲು ನನಗೆ ಬೇರೆ ಯಾವ ಕೆಲಸವೂ ಇರಲಿಲ್ಲ. ನಿಮ್ಮ ಹಾಗೆ ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದೆ. ಅಣಕಿಸಿ ಅಣಕಿಸಿ ಬಂದ ಅಭ್ಯಾಸವೋ, ಬೇಕೆಂದೇ ನಡೆದೆನೋ... ಅಜ್ಜ ಕತ್ತು ಎತ್ತಿದರು.

“ಯಾರು? ಗುರುಪಾದಪ್ಪ ಮಾಸ್ತರೇನ್ರಿ?”

ಅಲ್ಲ ಎನ್ನಲು ಒಂದು ಕ್ಷಣವಿತ್ತು. ಇಷ್ಟು ವರ್ಷ ಆ ಕ್ಷಣವನ್ನು ಎಷ್ಟೋ ಸಲ ಹಿಂದಕ್ಕೆಳೆದು ನೋಡಿದ್ದೇನೆ. ಒಬ್ಬ ಮನುಷ್ಯ ನಿಜ ಹೇಳಲು ಸಾಕಾಗುವಷ್ಟು ದೊಡ್ಡದಿತ್ತು ಅದು. ನಾನು ನಿಮ್ಮ ಹಾಗೆ ಎರಡು ಸಲ ಗಂಟಲು ಸರಿಮಾಡಿಕೊಂಡೆ. ನಿಮ್ಮ ಹಾಗೆ ಮೆಲ್ಲಗೆ ಅಂದೆ.

“ಹೌದ್ರಿ ಅಜ್ಜಾರ. ನಮಗ ಮನಿ ಬ್ಯಾಡ್ರಿ.”

“ಯಾಕ್ರಿ? ಏನ ಆತು?”

ಇಲ್ಲಿಗೆ ಬಿಡಬಹುದಿತ್ತು. ಏನೋ ಅಡಚಣೆ ಎಂದಿದ್ದರೆ ನಿಮಗೆ ಇನ್ನೊಂದು ಮನೆಯಾದರೂ ಸಿಗುತ್ತಿತ್ತು. ಆದರೆ ಅಣಕಿಸುವವನ ನಾಲಗೆಗೆ ಒಂದು ರುಚಿಯಿದೆ ಸರ್, ಕೊನೆಗೊಂದು ಚುಚ್ಚುಮಾತು ಇಲ್ಲದಿದ್ದರೆ ಅದಕ್ಕೆ ಊಟವೇ ಆಗದು.

“ನಮ್ಮಾಕಿ ಒಲ್ಲೆ ಅಂತಾಳ್ರಿ. ಈ ನೇಕಾರರ ಓಣ್ಯಾಗ, ಮಗ್ಗದ ಖಟಖಟಿಯೊಳಗ ಬಾಳೆ ಮಾಡಂಗಿಲ್ಲ ಅಂತಾಳ್ರಿ.”

ಅಜ್ಜ ಮಗ್ಗಗಳ ಸಪ್ಪಳದತ್ತ ಮುಖ ತಿರುಗಿಸಿದರು. ಆಮೇಲೆ “ಆತು. ಹೋಗ್ರಿ” ಎಂದರು. ಅಷ್ಟೇ.

ಮರುದಿನ ಬೆಳಗ್ಗೆ ನನ್ನ ದನಿಯಲ್ಲಿ ಹೋದೆ. ಅಜ್ಜನ ಮುಖ ಬಾಡಿತ್ತು. ನಗಿಸತೊಡಗಿದೆ. ಹುನಗುಂದದ ಬಸ್ಸಿನ ಕಂಡಕ್ಟರು, ಸೊಪ್ಪು ಮಾರುವ ಮುದುಕಿ, ನಮ್ಮ ಹೆಡ್ ಮಾಸ್ತರರು, ಜ್ವರದಲ್ಲಿ ಗೊಣಗುವ ನಾನು—ಎಲ್ಲರನ್ನೂ ಆ ಕಟ್ಟೆಯ ಮುಂದೆ ತಂದು ನಿಲ್ಲಿಸಿದೆ. ಕೊನೆಗೆ ಅಜ್ಜ ಕಣ್ಣೀರು ಬರುವಂತೆ ನಕ್ಕರು. “ನೀ ಒಬ್ಬಾವ ಅಲ್ಲೋ, ಹತ್ತ ಮಂದಿ ಸಂಸಾರ ನಿಂದು! ಕೊಟ್ಟೇನಿ ತಗೋ” ಎಂದು ನನ್ನ ಕೈಗೆ ಎಲೆ-ಅಡಿಕೆ ಇಟ್ಟರು. ಮಧ್ಯಾಹ್ನದೊಳಗೆ ಟ್ರಂಕು ಒಳಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ನನಗೇ ಚೆನ್ನ. ಬಂತು. ತಿಂಗಳಲ್ಲಿ ಮೊದಲ ಸಲ ಗಾಢವಾಗಿ ಬಂತು.

ಸೋಮವಾರ ಬೆಳಗ್ಗೆ ನೀವು ಬಂದಿರಿ. ತಲೆಯ ಮೇಲೆ ಪಾತ್ರೆಗಳ ಗಂಟು. ಹಿಂದೆ ಶಾಂತಕ್ಕ, ಏಳು ತಿಂಗಳ ಹೊಟ್ಟೆ, ಕೈಯಲ್ಲಿ ಹಾಲಿನ ತಂಬಿಗೆ. ನಾನು ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ.

“ಅಜ್ಜಾರ, ಮನಿಯೊಳಗ...” ಎಂದಿರಿ ನೀವು.

“ಮಗ್ಗದ ಸಪ್ಪಳಾ ಆಗಂಗಿಲ್ಲ ಅಂದ್ರೆಲ್ಲ. ಮತ್ಯಾಕ ಬಂದ್ರಿ?”

“ನಾ ಯಾವಾಗ ಅಂದೆನ್ರಿ?”

ಅಜ್ಜ ಎದ್ದು ನಿಂತರು. “ನನ್ನ ಕಣ್ಣ ಹೋಗ್ಯಾವು ಮಾಸ್ತರ, ಕಿವಿ ಹೋಗಿಲ್ಲ. ಶನಿವಾರ ಇಲ್ಲೇ ನಿಂತ, ನಿಮ್ಮ ಬಾಯಿಲೇ ಅಂದೀರಿ.”

ಶಾಂತಕ್ಕ ತಂಬಿಗೆ ಕೆಳಗಿಟ್ಟರು. “ನಾ ಮಗ್ಗದ ಮನ್ಯಾಗ ಹುಟ್ಟಿದಾಕಿರಿ ಅಜ್ಜಾರ. ಕುಬಸದ ಖಣಾ ನೇಯ್ಕೋತ ಬೆಳದಾಕಿ. ನಾ ಹಂಗ ಅಂತೇನೇನ್ರಿ?” ಅವರು ಅಳಲಿಲ್ಲ. ನನಗೆ ಅದು ಇನ್ನೂ ಕಷ್ಟವಾಯಿತು. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಜನ ಬಾಗಿಲಿಗೆ ಬಂದರು.

ಆಗ ನೀವು ನನ್ನತ್ತ ತಿರುಗಿದಿರಿ. ಸ್ಟಾಫ್ ರೂಮಿನಲ್ಲಿ ನಾನು ನಿಮ್ಮನ್ನು ಅಣಕಿಸಿದಾಗಲೆಲ್ಲ ನೀವೇ ಮೊದಲು ನಗುತ್ತಿದ್ದಿರಿ. ನಿಮ್ಮ ದನಿ ಇನ್ನೊಂದು ಬಾಯಲ್ಲಿ ಇದೆಯೆಂದು ನಿಮ್ಮಷ್ಟು ಚೆನ್ನಾಗಿ ತಿಳಿದವರಿರಲಿಲ್ಲ. ನಿಮಗೆ ಗೊತ್ತಾಯಿತು. ನಿಮಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು. ನೀವು ಬೈಯಲಿಲ್ಲ, ಬೆರಳು ತೋರಿಸಲಿಲ್ಲ. ಕಾದಿರಿ. ನಾನು ಹೇಳಲಿ ಎಂದು ಕಾದಿರಿ. ನನ್ನ ಬಾಯಿ ತುಂಬ ಹಲ್ಲುಪುಡಿಯ ನೊರೆಯಿತ್ತು. ಉಗುಳಿ ಬರುವ ನೆಪದಲ್ಲಿ ಹಿತ್ತಿಲಿಗೆ ಹೋದೆ. ಅಲ್ಲಿಗೂ ನಿಮ್ಮ ಮಾತು ಕೇಳಿಸಿತು.

“ಇರ್ಲಿ ಬಿಡ್ರಿ ಅಜ್ಜಾರ. ನಾನ ಅಂದಿರಬೇಕು.”

ಯಾಕೆ ಹಾಗಂದಿರಿ ಎಂದು ಆಗ ತಿಳಿಯಲಿಲ್ಲ. ಕಣ್ಣಿಲ್ಲದವರ ಕಿವಿಯನ್ನೂ ಸುಳ್ಳು ಮಾಡಬಾರದು ಎಂದಿರಬೇಕು. ಆ ದೊಡ್ಡತನವನ್ನೇ ನಾನು ಒಂಬತ್ತು ವರ್ಷ ನನ್ನ ಮೌನಕ್ಕೆ ಕೌದಿಯಂತೆ ಹೊದ್ದುಕೊಂಡೆ—ಅವರೇ ಹೇಳಲಿಲ್ಲ, ನಾನೇಕೆ ಹೇಳಲಿ ಎಂದು.

ನೇಕಾರರ ಓಣಿಗೆ ಅವಮಾನ ಮಾಡಿದ ಮಾಸ್ತರನಿಗೆ ಆ ಊರಲ್ಲಿ ಯಾರೂ ಮನೆ ಕೊಡಲಿಲ್ಲ. ಶಾಂತಕ್ಕ ಅದೇ ದಿನ ಗುಳೇದಗುಡ್ಡಕ್ಕೆ ತಿರುಗಿ ಹೋದರು. ನೀವು ಹುನಗುಂದದಲ್ಲಿ ಸಂಬಂಧಿಕರ ಮನೆಯ ಪಡಸಾಲೆಯಲ್ಲಿ ಮಲಗಿ ದಿನಾ ಬಸ್ಸಿನಲ್ಲಿ ಶಾಲೆಗೆ ಬಂದಿರಿ, ಎರಡೂವರೆ ವರ್ಷ. ಮಗಳು ಗುಳೇದಗುಡ್ಡದಲ್ಲಿ ಹುಟ್ಟಿದಳು, ಅಲ್ಲೇ ನಡೆಯಲು ಕಲಿತಳು. ಭಾನುವಾರಕ್ಕೊಮ್ಮೆ ಬರುವ ನಿಮ್ಮನ್ನು ಕಂಡರೆ ಅಜ್ಜಿಯ ಸೆರಗಿನ ಹಿಂದೆ ಅಡಗುತ್ತಾಳೆಂದು ನೀವು ಒಮ್ಮೆ ಯಾರಿಗೋ ಹೇಳುತ್ತಿದ್ದಿರಿ. ನಗುತ್ತಲೇ ಹೇಳುತ್ತಿದ್ದಿರಿ. ನಾನು ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿದೆ.

ನಿಮಗೆ ಬಾದಾಮಿ ಕಡೆಗೆ ವರ್ಗವಾದಾಗ ಬೀಳ್ಕೊಡುಗೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಎಲ್ಲ ಮಾಸ್ತರರನ್ನೂ ಮಾಡಿ ತೋರಿಸಿದೆ. “ಗುರುಪಾದಪ್ಪ ಸರ್‌ದು ಮಾಡ್ರಿ!” ಎಂದು ಹುಡುಗರು ಕೂಗಿದರು. “ಅವರ ದನಿ ನನಗ ಬರಂಗಿಲ್ಲ” ಎಂದೆ. ನೀವು ತಲೆ ತಗ್ಗಿಸಿದಿರಿ. ಆಗಲೂ ಹೇಳಬಹುದಿತ್ತು.

ಈಗ ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಗಾಳಿ-ಬೆಳಕಿನ ಮನೆಯಲ್ಲಿದ್ದೇನೆ. ನನ್ನ ಮಗನಿಗೆ ಎರಡು ವರ್ಷ. ನಾನು ಬಾಗಿಲಿನ ಆಚೆಯಿಂದ ಕೆಮ್ಮಿದರೂ ಓಡಿ ಬರುತ್ತಾನೆ. ಹೋದ ತಿಂಗಳು ಒಂದು ದಿನ ಹಾಗೆ ಓಡಿ ಬಂದವನನ್ನು ಎತ್ತಿಕೊಳ್ಳಲಾರದೆ ಹೊಸ್ತಿಲಲ್ಲೇ ಕೂತೆ. ಮರುದಿನ ಇಳಕಲ್ಲಿಗೆ ಹೋದೆ.

ಅಜ್ಜ ಇದ್ದಾರೆ. ಎಂಬತ್ತು ದಾಟಿದೆ. ಎಲ್ಲ ಹೇಳಿದೆ, ಏನೂ ಮುಚ್ಚದೆ. ನಂಬಲಿಲ್ಲ. ಕೊನೆಗೆ—ಇನ್ನೆಂದೂ ಮಾಡುವುದಿಲ್ಲವೆಂದುಕೊಂಡಿದ್ದನ್ನು ಮಾಡಬೇಕಾಯಿತು—ನಿಮ್ಮ ದನಿಯಲ್ಲಿ ಆ ಮಾತನ್ನು ಮತ್ತೆ ಆಡಿ ತೋರಿಸಿದೆ. ಅಜ್ಜನ ಮುಖದ ಕಳೆ ಇಳಿದುಹೋಯಿತು. ನನ್ನತ್ತ ಕಿವಿ ತಿರುಗಿಸಿ ಕೇಳಿದರು.

“ಹಂಗಾದ್ರ ಈಗ ಮಾತಾಡಾಕತ್ತಾವ ಯಾರು?”

ನನ್ನ ಹೆಸರು ಹೇಳಿದೆ. ಸಾಲಲಿಲ್ಲ. ಕೈ ಚಾಚಿ ನನ್ನ ಮುಖ ಮುಟ್ಟಿ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಇಷ್ಟೇ ಅಂದರು. “ಆ ಮಾಸ್ತರನ್ನ ಕರಕೊಂಡ ಬಾ. ಆ ಹೆಣ್ಣಮಗಳನ್ನೂ. ಅವರೇನೂ ಮಾತಾಡೂದು ಬ್ಯಾಡ. ಅವರ ಕೈ ಹಿಡದು ಒಂದ ಮಾತ ಹೇಳೂದೈತಿ.”

ಅದಕ್ಕಾಗಿ ಈ ಬರಹ. ಕ್ಷಮೆ ಕೇಳುತ್ತಿಲ್ಲ; ಕೇಳುವ ಮುಖವಿಲ್ಲ. ಭಾನುವಾರಗಳಲ್ಲಿ ಇಳಕಲ್ಲಿಗೆ ಹೋಗಿ ಆ ಓಣಿಯ ಮನೆಮನೆಗೂ ನಡೆದದ್ದನ್ನು ಹೇಳುತ್ತಿದ್ದೇನೆ. ಮೊದಲೆರಡು ಮನೆಗಳಲ್ಲಿ “ಮಾಸ್ತರದು ಹೊಸಾ ಸೋಗು” ಎಂದು ನಕ್ಕರು. ನಗು ನಿಲ್ಲುವ ತನಕ ನಿಂತು ಮತ್ತೆ ಹೇಳಿದೆ. ಉಳಿದ ಮನೆಗಳಲ್ಲೂ ಹೇಳುತ್ತೇನೆ.

ನನ್ನ ಮುಖ ನೋಡುವುದು ಬೇಡವೆನಿಸಿದರೆ ನೀವು ಹೋಗುವ ದಿನ ನಾನು ಆ ಊರಿಗೇ ಬರುವುದಿಲ್ಲ. ಆದರೆ ಬೇಗ ಹೋಗಿ, ಸರ್. ಈಗ ಸ್ವಂತ ಮಕ್ಕಳು ಮಾತಾಡಿಸಿದರೂ ಅಜ್ಜ ಉತ್ತರ ಕೊಡುವುದಿಲ್ಲವಂತೆ—ಮೊದಲು ಕೈ ಮುಂದೆ ಚಾಚಿ, ಯಾರೆಂದು ಮುಟ್ಟಿ ನೋಡುತ್ತಾರಂತೆ.