ಕೆಂಪು ಸೀಟು ಕೆಳಗಿಳಿದ ದಿನ

ನವೆಂಬರಿನ ಆ ಭಾನುವಾರ ಎಲ್ ಮಿರಾಜ್ ಒಣಕೆರೆಯ ಅಂಗಳದಲ್ಲಿ ವರ್ಷದ ಕೊನೆಯ ಕಾರು ಓಟ; ಮುಂದಿನದು ಮೇ ತಿಂಗಳಲ್ಲೇ. ನಡೀನ್ ಕೊಪೆಕಿ ತನ್ನ ಕಾರನ್ನು ಮನೆಯಿಂದ ತಾನೇ ಓಡಿಸಿಕೊಂಡು ಬಂದಿದ್ದಳು. ಟ್ರೇಲರ್ ಮೇಲೆ ಹೇರಿ ತಂದ ಕಾರನ್ನು, ಅವಳು ಸೇರಬೇಕೆಂದಿದ್ದ ಕ್ಲಬ್ಬಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೆರೆಯಂಗಳದಲ್ಲಿ ಗಂಟೆಗೆ ನೂರು ಮೈಲಿ ದಾಟಬೇಕೆಂಬುದು ಇನ್ನೊಂದು ಕಟ್ಟಳೆ. ದಾಟಿದವರಿಗೆ ಹಿಂದಿನ ಗಾಜಿನಲ್ಲಿ ತೂಗುಹಾಕಲು ಕ್ಲಬ್ಬಿನ ಫಲಕ ಸಿಗುತ್ತದೆ. ನಡೀನಳಿಗೆ ಬೇಕಾಗಿದ್ದದ್ದು ಅದು.

ಐವತ್ತೆರಡರ ನಡೀನ್ ವಿಕ್ಟರ್‌ವಿಲ್‌ನಲ್ಲಿ ಶಾಲಾ ಬಸ್ಸುಗಳ ಮೆಕ್ಯಾನಿಕ್. ಬಸ್ಸುಗಳು ನಿಧಾನವಾಗಿ, ಕ್ಷೇಮವಾಗಿ ಹೋಗುವಂತೆ ನೋಡಿಕೊಳ್ಳುವುದು ಅವಳ ಹಗಲಿನ ಕೆಲಸ. ಸಂಜೆ ಗ್ಯಾರೇಜಿನಲ್ಲಿ ನಡೆಯುತ್ತಿದ್ದದ್ದು ಅದಕ್ಕೆ ತದ್ವಿರುದ್ಧ. 1932ರ ಫೋರ್ಡ್ ಕಾರೊಂದರ ಮಡ್‌ಗಾರ್ಡು, ಬಂಪರು ಬಿಚ್ಚಿದಳು. ಮುಂದಿನ ಆಕ್ಸಲ್ ತಗ್ಗಿಸಿದಳು. ಹಳೇ ಟ್ರಕ್ಕಿನ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿದಳು. ಕಿಟಕಿಯ ಕಂಬಗಳನ್ನು ಕೊಯ್ದು, ಛಾವಣಿಯನ್ನು ಐದು ಇಂಚು ಕೆಳಗಿಳಿಸಿ ಮತ್ತೆ ಬೆಸೆದಳು. ಸೋಫಾ ಹೊಲಿಯುವ ಅವಳ ಗಂಡ ರೇ, ಒಂದಿಡೀ ಬೇಸಿಗೆ ಕೂತು ಕೆಂಪು ಚರ್ಮದ ದಪ್ಪ ಸೀಟು ಮಾಡಿಕೊಟ್ಟ.

ಆ ಸೀಟಿನಿಂದಲೇ ಕಾರಿಗೆ 'ಮೆರವಣಿಗೆ ಗಾಡಿ' ಎಂಬ ಹೆಸರು ಬಿದ್ದಿತ್ತು. ಇಟ್ಟವನು ಕ್ಲಬ್ಬಿನ ಹಿರಿಯ ವಾಲ್ಟ್ ಡ್ರೆಸ್ಲರ್. ಅಂದು ಕಾರುಗಳನ್ನು ತಪಾಸಣೆ ಮಾಡುತ್ತಿದ್ದವನೂ ಅವನೇ.

"ಹಳೇ ಕಾರಿಗೆ ಬಣ್ಣ ಬಳಿದ್ರೆ ಹಾಟ್ ರಾಡ್ ಆಗಲ್ಲ ಕಣಮ್ಮ," ಎಂದ ಸೀಟನ್ನು ನೋಡುತ್ತ. "ಓಡೋಕೆ ಬೇಡದ್ದೆಲ್ಲ ಕಿತ್ತು ಬಿಸಾಕಿರ್ಬೇಕು. ನೀನೇ ಮಾಡಿರ್ಬೇಕು. ಕಂಪನಿಯೋನು ಕನಸಲ್ಲೂ ಕಾಣದಷ್ಟು ಜೋರಾಗಿ ಹೋಗ್ಬೇಕು."

"ಹೋಗುತ್ತೆ. ಮೊದ್ಲು ದಾರಿ ಬಿಡಿ."

ಬ್ರೇಕು, ಬೆಲ್ಟು, ಒಳಗಿನ ರಕ್ಷಣೆಯ ಚೌಕಟ್ಟು ಎಲ್ಲ ಸರಿಯಿತ್ತು. "ಹೆಲ್ಮೆಟ್ ಹಾಕ್ಕೊಂಡು ಕೂತ್ಕೋ," ಎಂದ ವಾಲ್ಟ್.

ಕೂತಳು. ಹೆಲ್ಮೆಟ್ ಛಾವಣಿಗೆ ತಗುಲಿತು. ಗದ್ದ ಎದೆಗೆ ಒತ್ತಿತು.

"ಎದುರಿಗೆ ಏನು ಕಾಣ್ತಿದೆ?"

"ನನ್ನ ಮೊಣಕಾಲು."

ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗ್ಯಾರೇಜಿನಲ್ಲಿ ಅವಳು ಅಳತೆ ನೋಡಿದ್ದು ಬರಿತಲೆಯಲ್ಲಿ. ಪಕ್ಕದ ಕಾರಿನ ಚೆಟ್ ಹೆಚ್ಚೇ ನಕ್ಕ. "ನಾನೂ ಇದನ್ನೇ ಮಾಡಿದ್ದೆ ಮಾರಾಯ್ತಿ! ಛಾವಣಿ ಇಳಿಸೋವಾಗ ಕಾರು ಎಷ್ಟು ಚಂದ ಕಾಣುತ್ತೆ ಅಂತ ನೋಡ್ತೀವೇ ಹೊರತು, ಒಳಗೊಂದು ತಲೆ ಇರುತ್ತೆ ಅನ್ನೋದೇ ಮರ್ತುಹೋಗುತ್ತೆ."

"ಮೇ ತಿಂಗಳಲ್ಲಿ ಬಾ," ಎಂದ ವಾಲ್ಟ್. ಈಗ ಅವನು ನಗುತ್ತಿರಲಿಲ್ಲ.

ನಡೀನ್ ಇಳಿದು, ತನ್ನನ್ನು ಅಷ್ಟು ಮೇಲಕ್ಕೆತ್ತಿದ್ದ ದಪ್ಪ ಸೀಟನ್ನು ನೋಡಿದಳು. ಆಮೇಲೆ ಪಕ್ಕದಲ್ಲೇ ನಿಂತಿದ್ದ ಗಂಡನನ್ನು ನೋಡಿದಳು.

"ನನ್ನ ಮುಖ ಏನ್ ನೋಡ್ತೀಯ?" ಎಂದ ರೇ. "ಕಿತ್ತಾಕು."

"ನೀನು ಅಷ್ಟು ಕಷ್ಟಪಟ್ಟು..."

"ಮೇ ತಿಂಗಳ ತನಕ ನಿನ್ನ ಗೊಣಗಾಟ ಕೇಳೋದು ಇನ್ನೂ ಕಷ್ಟ. ಸ್ಪ್ಯಾನರ್ ತಗೋ!"

ಚೆಟ್‌ನ ಓಟ ಆಗಲೇ ಮುಗಿದಿತ್ತು. ತನ್ನ ಕಾರಿನ ಮೆತ್ತೆಯಿಲ್ಲದ ತೆಳು ಅಲ್ಯೂಮಿನಿಯಂ ಸೀಟನ್ನು ಅವನೇ ಬಿಚ್ಚಿ ತಂದ. ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡಲಿಲ್ಲ. ಯಾರೋ ಡ್ರಿಲ್ ಕೊಟ್ಟರು, ಯಾರೋ ತಳಕ್ಕೆ ಕೊಡಲು ಉಕ್ಕಿನ ಪಟ್ಟಿ ತಂದರು. ಕಾರಿನಡಿ ಮಲಗಿದ ನಡೀನಳ ಬೂಟುಗಳಷ್ಟೇ ಹೊರಗಿದ್ದವು. "ಬೇಗ! ಬೇಗ!" ಎಂದು ಕೂಗುತ್ತಿದ್ದವರಿಗೆಲ್ಲ ಬೈಗುಳ ಅಡಿಯಿಂದಲೇ ಬರುತ್ತಿತ್ತು. ಸಾಲಿನಲ್ಲಿ ಇನ್ನು ಕೆಲವೇ ಕಾರುಗಳು ಉಳಿದಿದ್ದಾಗ ಕೊನೆಯ ಬೋಲ್ಟು ಬಿಗಿಯಾಯಿತು. ವಾಲ್ಟ್ ಸೀಟನ್ನು ಎರಡೂ ಕೈಯಿಂದ ಜಗ್ಗಿದ. ಅದು ಅಲ್ಲಾಡಲಿಲ್ಲ. ನಡೀನಳನ್ನು ಕೂರಿಸಿ, ಹೆಲ್ಮೆಟ್ಟಿಗೂ ಛಾವಣಿಗೂ ನಡುವೆ ಅಂಗೈ ತೂರಿಸಿ ನೋಡಿದ. ಜಾಗವಿತ್ತು.

"ಹೊರಡು."

ಹಸಿರು ಬಾವುಟ ಬೀಸಿದರು. ಮಡ್‌ಗಾರ್ಡಿಲ್ಲದ ಚಕ್ರಗಳು ಎತ್ತಿದ ದೂಳು ಕಾರನ್ನೇ ನುಂಗಿತು. ಉಳಿದದ್ದು ಸದ್ದು ಮಾತ್ರ. ಒಡೆದ ಕೆರೆಮಣ್ಣಿನ ಮೇಲೆ ಇಟ್ಟಿದ್ದ ಕೆಂಪು ಸೀಟಿನಲ್ಲಿ ರೇ ಕೂತಿದ್ದ, ತೋಳುಗಳನ್ನು ಗಟ್ಟಿಯಾಗಿ ಕಟ್ಟಿಕೊಂಡು. ಸದ್ದು ಏರಿತು, ಇನ್ನೂ ಏರಿತು. ಧ್ವನಿವರ್ಧಕ ಕೆಮ್ಮಿ ಹೇಳಿತು: "ಕೊಪೆಕಿ, ನೂರಾ ನಾಲ್ಕು!"

ರೇ ಸೀಟಿನ ಮೇಲೆ ಹತ್ತಿ ನಿಂತು ಕುಣಿದ, ಬೂಟು ಕಾಲಲ್ಲೇ.

ಕಾರು ಮರಳಿದಾಗ ವಾಲ್ಟ್ ಫಲಕ ಹಿಡಿದು ಬಂದ. ನಡೀನಳ ಮುಖದಲ್ಲಿ ದೂಳು ಬಿಟ್ಟರೆ ಹಲ್ಲುಗಳಷ್ಟೇ ಕಾಣುತ್ತಿದ್ದವು.

"ಈಗ ಏನಂತೀರಿ ನನ್ನ ಗಾಡಿನ?"

ವಾಲ್ಟ್ ಕಿಟಕಿಯಲ್ಲಿ ತಲೆ ಹಾಕಿ ಒಳಗೆಲ್ಲ ಕಣ್ಣಾಡಿಸಿದ. "ರೇಡಿಯೋ ಯಾತಕ್ಕಮ್ಮ? ಅದನ್ನೂ ತೆಗಿ, ಇನ್ನೊಂದು ಮೈಲಿ ಸಿಗುತ್ತೆ."

"ರೇಡಿಯೋ ಮುಟ್ಟಿದ್ರೆ ನೋಡು!" ದೂರದಿಂದಲೇ ರೇ ಕೂಗಿದ. "ಅದೂ ನಾನೇ ಹಾಕಿದ್ದು!"

ನಡೀನ್ ಆಗಲೇ ಸ್ಕ್ರೂಡ್ರೈವರ್ ಹುಡುಕುತ್ತಿದ್ದಳು.