ತವರಿಂದ ಕರೆ ಬಂದ ಕ್ರಾಸು

ಅಂಗಡಿ ಸಾಹುಕಾರರ ಎಡಗಿವಿಗೆ ಯಾವಾಗಲೂ ಗ್ರೀಸು ಮೆತ್ತಿರುತ್ತಿತ್ತು. ತಲೆಗೆ ಬಿಳಿ ರುಮಾಲು, ಇಸ್ತ್ರಿ ಮುರಿಯದ ಅಂಗಿ. ಕಿವಿ ಮಾತ್ರ ಗ್ಯಾರೇಜಿನದು. ಇಳಕಲ್ಲಿನಲ್ಲಿ ಅವರದು ಲಾರಿ ಸಾಮಾನಿನ ಅಂಗಡಿ. ಬೇರಿಂಗ್ ಇರಲಿ, ಕ್ರಾಸ್ ಇರಲಿ, ಕಿವಿಯ ಹತ್ತಿರ ತಿರುಗಿಸಿ ಕೇಳದೆ ಗಿರಾಕಿಯ ಕೈಗೆ ಕೊಡುತ್ತಿರಲಿಲ್ಲ. "ಕಬ್ಬಿಣ ಸುಳ್ಳ ಹೇಳೂದಿಲ್ಲ, ತಮ್ಮಾ," ಎನ್ನುವರು. ನಾವು ಡ್ರೈವರುಗಳು ಆ ಅಂಗಡಿಗೆ 'ದವಾಖಾನಿ' ಎಂದೇ ಹೆಸರಿಟ್ಟಿದ್ದೆವು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕೆಂಪುಕಲ್ಲು ಹೇರುವ ಲಾರಿ ಓಡಿಸುತ್ತಿದ್ದೆ. ಕಾರಹುಣ್ಣಿಮೆ ಕಳೆದ ಮೇಲೆ ಅವರಿಗೆ ಕಂಪನಿಯಿಂದ ಇಂಗ್ಲಿಷ್ ಕಾಗದ ಬಂತು: ಇಂಥ ಗುರುತಿನ ಕ್ರಾಸುಗಳಲ್ಲಿ ದೋಷವಿದೆ, ವಾಪಸು ಕಳಿಸಿ. ಗೇರ್‌ಬಾಕ್ಸಿನ ಬಲವನ್ನು ಹಿಂದಿನ ಗಾಲಿಗೆ ಒಯ್ಯುವ ಉದ್ದನೆಯ ರಾಡಿನ ಕೀಲೇ ಈ ಕ್ರಾಸು. ಅದು ಮುರಿದು ರಾಡು ನೆಲಕ್ಕೆ ನಾಟಿದರೆ ಲೋಡಿನ ಗಾಡಿ ಪಲ್ಟಿಯೇ. ಅಂಗಡಿಯಲ್ಲಿ ಉಳಿದದ್ದನ್ನು ಕಳಿಸಿ ಸುಮ್ಮನಿರಬಹುದಿತ್ತು. "ಮಾರಿದ ಮ್ಯಾಲ ಮುಗೀತಲ್ರಿ," ಎಂದ ಪಕ್ಕದ ಅಂಗಡಿಯವರಿಗೆ, "ಮಗಳನ್ನ ಕೊಟ್ಟ ಮ್ಯಾಲ ಮರ್ತ ಬಿಡ್ತೀರೇನ್ರಿ?" ಎಂದು ಕೇಳಿ, ಬಾಗಿಲಿಗೆ ಕೀಲಿ ಹಾಕಿಕೊಂಡು ಹೊರಟರಂತೆ. ಯಾರ ಗಾಡಿಗೆ ಕೊಟ್ಟದ್ದು ಎಂಬುದೆಲ್ಲ ಅವರ ತಲೆಯಲ್ಲೇ ಇತ್ತು. ಒಂದೊಂದೇ ಲಾರಿ ಹುಡುಕಿ ಬಿಚ್ಚಿಸಿದರು. ಕಡೆಗೆ ಉಳಿದದ್ದು ನನ್ನದು.

ಪಂಚಮಿಯ ಹಿಂದಿನ ದಿನ ಕಲ್ಲಿನ ಲೋಡಿನೊಂದಿಗೆ ಹೊರಟವನು ಹುನಗುಂದದಲ್ಲಿ ತಂಗಿಯನ್ನೂ ಅವಳ ಎಳೆಗೂಸನ್ನೂ ಕ್ಯಾಬಿನಿಗೆ ಹತ್ತಿಸಿಕೊಂಡಿದ್ದೆ. ಬಾಗಲಕೋಟೆಯಲ್ಲಿ ಅವ್ವ ಕಾಯುತ್ತಿದ್ದಳು. ಕಮತಗಿಯಲ್ಲಿ ಎಂದಿನಂತೆ ಚಹಾಕ್ಕೆ ನಿಲ್ಲಿಸಿದರೆ, ಅಲ್ಲೇ ಕಾದಿದ್ದ ಸಾಹುಕಾರರು ಬಂದವರೇ ಗಾಲಿಯ ಮುಂದೆ ಕೂತುಬಿಟ್ಟರು.

"ತಂಗಿನ್ನ ಪಂಚಮಿಗಿ ಕರ್ಕೊಂಡ ಹೊಂಟೇನ್ರಿ ಸಾವ್ಕಾರ್ರ. ಹಬ್ಬ ಮುಗಿಸಿ ಬರ್ತೇನಿ, ಬಿಡ್ರಿ."

"ನಿನ್ನ ಗಾಡ್ಯಾಗಿನ ಕ್ರಾಸಿಗೂ ತವರಿಂದ ಕರಿ ಬಂದೈತಿ. ಮೊದ್ಲ ಅದನ್ನ ಕಳಿಸು."

ತಂಗಿ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಹಿರಿಯರೆಂಬುದನ್ನೂ ನೋಡದೆ ಬಾಯಿಗೆ ಬಂದಂತೆ ಅಂದೆ. ಅವರು ಕದಲಲಿಲ್ಲ. ಮಿಸ್ತ್ರಿಯನ್ನು ಮೊದಲೇ ಕರೆಸಿಟ್ಟಿದ್ದರು. ಚೀಲದಲ್ಲಿ ಹೊಸ ಕ್ರಾಸೂ ಇತ್ತು.

ಮಿಸ್ತ್ರಿ ಬಿಚ್ಚಿದ್ದನ್ನು ಕಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದೆ. ಬಿರುಕಿಲ್ಲ, ಸವಕಳಿಯಿಲ್ಲ. "ಏನಾಗೇತ್ರಿ ಇದಕ್ಕ? ಸುಮ್ಮನ ನನ್ನ ದಿನಾ ಹಾಳ ಮಾಡಿದ್ರಿ!" ಎಂದು ಕೂಗಿದೆ.

ಅವರು ಅದನ್ನು ಕಿವಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದರು. "ನನಗೂ ಏನೂ ಕೇಳವಲ್ತು. ಅದಕ್ಕ ಹೆದರಿಕಿ ಬರತೈತಿ, ತಮ್ಮಾ." ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಮೇಲೂ ಎಷ್ಟೋ ಸಲ ಅವರ ಅಂಗಡಿಗೆ ಹೋದೆ, ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ದೂರದಲ್ಲಿದ್ದೆ. ಲೋಡು ಇಳಿಸಿ ಬರುವಷ್ಟರಲ್ಲಿ ಮಣ್ಣಾಗಿತ್ತು. ಅಂದಿನ ಎಳೆಗೂಸಿಗೆ ಈಗ ಮದುವೆ ವಯಸ್ಸಿನ ಮಗಳಿದ್ದಾಳೆ. ಪಂಚಮಿಗೆ ಎಲ್ಲರೂ ಬಂದು ಮನೆ ತುಂಬಿದಾಗ ನನಗೆ ಸಾಹುಕಾರರ ನೆನಪಾಗುತ್ತದೆ.

ಆ ಕ್ರಾಸು ಮುರಿಯುತ್ತಿತ್ತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗುವುದಕ್ಕೆ ಅವರು ಬಿಡಲಿಲ್ಲ.